ಓಮ್ನಿಯ ಸೀಟಿನಡಿ ಕಿರುಚುವ ಬೆಲ್ಟ್: ಕೆಲವು ತಪ್ಪು ಕಲ್ಪನೆಗಳು

ಮಾರುತಿ ಕಂಪನಿ 1984ರಲ್ಲಿ ‘ವ್ಯಾನ್’ ಎಂಬ ಸಪ್ಪೆ ಹೆಸರಲ್ಲಿ ಹೊರತಂದ ಗಾಡಿ ಮುಂದೆ ಓಮ್ನಿಯಾಯಿತು. 2019ರಲ್ಲಿ ತಯಾರಿಕೆ ನಿಂತರೂ ರಸ್ತೆಯಿಂದ ಅದು ಇಳಿದಿಲ್ಲ. ಶಾಲೆಯ ಮಕ್ಕಳನ್ನು, ಹೂವಿನ ಮೂಟೆಯನ್ನು, ಮದುವೆ ಅಡುಗೆಯ ಪಾತ್ರೆಗಳನ್ನು ಹೊತ್ತು ಇನ್ನೂ ಓಡುತ್ತಿದೆ. (ಸಿನಿಮಾದ ಖಳರು ನಾಯಕಿಯನ್ನು ಎಳೆದು ಹಾಕಿಕೊಂಡು ಹೋಗುತ್ತಿದ್ದದ್ದೂ ಇದರಲ್ಲೇ.) ಮುಂದಿನ ಸೀಟು ಎತ್ತಿದರೆ ಕೆಳಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಅದರ ಮುಂಬದಿಯಲ್ಲಿ ಒಂದು ಕಪ್ಪು ರಬ್ಬರ್ ಬೆಲ್ಟ್. ಕೆಲವು ನೂರು ರೂಪಾಯಿಯ ಈ ವಸ್ತುವಿನ ಬಗ್ಗೆ ಡ್ರೈವರುಗಳಲ್ಲಿ, ಮಾಲೀಕರಲ್ಲಿ, ಒಂದಷ್ಟು ಗ್ಯಾರೇಜುಗಳಲ್ಲೂ ಬೇರುಬಿಟ್ಟಿರುವ ನಂಬಿಕೆಗಳು ಎಂಜಿನ್ನಿಗಿಂತ ಗಟ್ಟಿ. ಹಳೇ ಬೆಲ್ಟ್ ಕಿತ್ತು ಹೊಸದು ಹಾಕಿದರೆ ಕೆಲಸ ಮುಗಿಯಿತು ಎಂಬುದು ಅವುಗಳ ತಾಯಿಬೇರು. ಬೆಲ್ಟ್ ಕೆಡುವುದು ಎಷ್ಟೋ ಸಲ ತನ್ನ ತಪ್ಪಿನಿಂದಲ್ಲ, ತಾನು ತಿರುಗಿಸುವ ಭಾಗಗಳ ದೆಸೆಯಿಂದ.

“ಫ್ಯಾನ್ ಬೆಲ್ಟ್ ತಾನೇ? ಹರಿದರೆ ಫ್ಯಾನ್ ನಿಲ್ಲುತ್ತೆ, ಅಷ್ಟೆ.”

ಹೆಸರೇ ದಾರಿ ತಪ್ಪಿಸುತ್ತದೆ. ಓಮ್ನಿಯ ರೇಡಿಯೇಟರ್ ಫ್ಯಾನ್ ತಿರುಗುವುದು ಕರೆಂಟಿನ ಮೋಟಾರಿನಿಂದ. ಈ ಬೆಲ್ಟಿಗೂ ಅದಕ್ಕೂ ನೇರ ನಂಟಿಲ್ಲ. ಬೆಲ್ಟ್ ತಿರುಗಿಸುವುದು ಎರಡನ್ನು: ಆಲ್ಟರ್ನೇಟರ್, ಅಂದರೆ ಮೆಕ್ಯಾನಿಕ್ ಬಾಯಲ್ಲಿ ಡೈನಮೊ, ಮತ್ತು ವಾಟರ್ ಪಂಪ್. ಅಪಾಯ ಇರುವುದೇ ಇಲ್ಲಿ. ಬೆಲ್ಟ್ ಹರಿದ ಮೇಲೂ ಫ್ಯಾನ್ ಗಿರ್ರೆನ್ನುತ್ತಿರಬಹುದು. ಅದನ್ನು ಕೇಳಿದ ಡ್ರೈವರ್ “ಫ್ಯಾನ್ ಓಡ್ತಿದೆಯಲ್ಲ” ಎಂದು ನೆಮ್ಮದಿಯಾಗುತ್ತಾನೆ. ಆದರೆ ಪಂಪ್ ನಿಂತಿರುವುದರಿಂದ ಎಂಜಿನ್ನಿನೊಳಗಿನ ನೀರು ರೇಡಿಯೇಟರ್‌ವರೆಗೆ ಬರುತ್ತಲೇ ಇಲ್ಲ.

ಮೊದಲ ಸೂಚನೆ ಮೀಟರ್ ಬೋರ್ಡಿನಲ್ಲಿ ಹತ್ತುವ ಕೆಂಪು ಬ್ಯಾಟರಿ ದೀಪ. ಚಾರ್ಜಿಂಗ್ ಕೆಟ್ಟಿರಬೇಕು, ಊರಿಗೆ ಹೋಗಿ ನೋಡಿದರಾಯಿತು ಎನ್ನುವವರೇ ಹೆಚ್ಚು. ಚಾರ್ಜಿಂಗ್ ಮಾತ್ರ ಹೋಗಿದ್ದರೆ ಹಗಲಲ್ಲಿ ಒಂದಷ್ಟು ದೂರ ನಿಜಕ್ಕೂ ಹೋಗಬಹುದು. ಆದರೆ ಬೆಲ್ಟೇ ಹರಿದಿದ್ದರೆ ಶಿರಾಡಿ ಘಾಟಿ ಏರುವಾಗ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು. ಮೊದಲು ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಆಮೇಲೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಟೆಂಪರೇಚರ್ ಮುಳ್ಳನ್ನು ನಂಬಿಯೂ ಕೂರುವಂತಿಲ್ಲ. ನೀರೆಲ್ಲ ಕುದಿದು ಹೊರಹೋದರೆ ಸೆನ್ಸರ್ ಒಣಗಿ ಮುಳ್ಳು ಸುಳ್ಳು ಹೇಳುವುದುಂಟು. ದೀಪ ಹತ್ತಿದ ಕೂಡಲೇ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸೀಟು ಎತ್ತಿ ನೋಡಬೇಕು. ರೇಡಿಯೇಟರ್ ಮುಚ್ಚಳ ಮಾತ್ರ ಎಂಜಿನ್ ಆರುವವರೆಗೆ ಮುಟ್ಟಬೇಡಿ.

“ಒಳಗೆ ಹಲ್ಲಿದೆಯಲ್ಲ, ಇದೇ ಟೈಮಿಂಗ್ ಬೆಲ್ಟ್.”

ಅಲ್ಲ. ಟೈಮಿಂಗ್ ಬೆಲ್ಟ್ ಬೇರೆ. ಅದು ಮುಚ್ಚಳದ ಹಿಂದೆ ಅಡಗಿದೆ, ಅದರ ಹಲ್ಲು ಪುಲ್ಲಿಯ ಹಲ್ಲಿಗೆ ಕಚ್ಚಿಕೊಂಡು ಕ್ಯಾಮ್‌ಶಾಫ್ಟನ್ನು ತಿರುಗಿಸುತ್ತದೆ. ಹೊರಗಿನ ವಿ-ಬೆಲ್ಟಿನ ಒಳಮೈಯಲ್ಲಿ ಕಾಣುವ ಕಚ್ಚುಗಳು ಹಿಡಿತಕ್ಕಲ್ಲ, ಸಣ್ಣ ಪುಲ್ಲಿಯ ಸುತ್ತ ಸುಲಭವಾಗಿ ಬಾಗಲಿಕ್ಕೆ, ಬಿಸಿ ಆರಲಿಕ್ಕೆ. ವಿ-ಬೆಲ್ಟ್ ಹಿಡಿಯುವುದು ತನ್ನ ಎರಡು ಓರೆ ಪಕ್ಕೆಗಳಿಂದ; ಕಟ್ಟಿಗೆಯ ಸೀಳಿಗೆ ಹೊಡೆದ ಬೆಣೆಯಂತೆ ಪುಲ್ಲಿಯ ತೋಡಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅದರ ತಳ ತೋಡಿನ ತಳಕ್ಕೆ ತಾಗಲೇಬಾರದು. ಪುಲ್ಲಿಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದು, ಬೆಲ್ಟ್ ಕೆಳಗಿಳಿದು ಜಾರುತ್ತಿದೆ ಎಂದರ್ಥ.

“ಕಿರ್ರ್ ಅಂದರೆ ಸೋಪು ಹಚ್ಚಿ, ನಿಲ್ಲದಿದ್ದರೆ ಬೆಲ್ಟ್ ಬದಲಿಸಿ.”

ಸೋಪು, ಮೇಣ, ಪೌಡರ್, ಇನ್ನೂ ಧೈರ್ಯಸ್ಥರಾದರೆ ಗ್ರೀಸ್. ಎಲ್ಲವೂ ಸದ್ದನ್ನು ಅಡಗಿಸುತ್ತವೆ, ರೋಗವನ್ನಲ್ಲ. ಎಣ್ಣೆ-ಗ್ರೀಸಿನಿಂದಂತೂ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಿ ಸುಮ್ಮನಾದರೆ ಬಹುಪಾಲು ಲೂಸಾಗಿದೆ. ಬ್ಯಾಟರಿಯನ್ನು ತುಂಬಿಸಲು ಡೈನಮೊ ಆಗ ಹೆಚ್ಚು ಭಾರ ಹೇರುತ್ತದೆ, ಬೆಲ್ಟ್ ಜಾರುತ್ತದೆ. ಓಡುವ ಬೆಲ್ಟಿನ ಮೇಲೆ ದೂರದಿಂದ ಒಂದಿಷ್ಟು ನೀರು ಚಿಮುಕಿಸಿ ನೋಡಬಹುದು: ಸದ್ದು ಜೋರಾದರೆ ಬಿಗಿ ಸಾಲದು, ಸ್ವಲ್ಪ ಹೊತ್ತು ತಗ್ಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬೆಲೆಬಾಳುವ ಗಳಿಗೆ ಹೊಸ ಬೆಲ್ಟ್ ಹಾಕುವುದಲ್ಲ, ಹಳೆಯದು ಹೊರಬಂದ ಮೇಲಿನ ಎರಡು ನಿಮಿಷ. ಆಗ ಎರಡೂ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಎನ್ನುತ್ತದೆಯೇ? ಹಿಡಿದು ಅಲುಗಾಡಿಸಿದರೆ ಆಟ ಕೊಡುತ್ತದೆಯೇ? ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆ ಇದೆಯೇ? ಇದ್ದರೆ ಹೊಸ ಬೆಲ್ಟ್ ಹಾಕುವುದು ದಂಡ; ಬೇರಿಂಗ್ ಹಿಡಿದುಕೊಂಡ ದಿನ ಅದೂ ಸುಟ್ಟು ಹೋಗುತ್ತದೆ. ಬೆಲ್ಟ್ ಮೇಲೆ ಇರುವಾಗ ಈ ಪರೀಕ್ಷೆ ಸಾಧ್ಯವೇ ಇಲ್ಲ. ಅವಸರದ ಗ್ಯಾರೇಜುಗಳು ಬಿಟ್ಟುಬಿಡುವುದೂ ಇದನ್ನೇ.

“ಬೋಲ್ಟ್ ಸಡಿಲಿಸಬೇಕಿಲ್ಲ, ಸ್ಕ್ರೂಡ್ರೈವರ್ ಕೊಟ್ಟು ಏರಿಸಿಬಿಡಿ.”

ಏರುತ್ತದೆ, ನಿಜ. ಆದರೆ ಬೆಲ್ಟಿನ ಬಲ ಇರುವುದು ರಬ್ಬರಿನಲ್ಲಲ್ಲ, ಅದರೊಳಗೆ ಹೂತಿರುವ ದಾರಗಳಲ್ಲಿ. ಪುಲ್ಲಿಯ ಅಂಚಿನ ಮೇಲೆ ಮೀಟಿ ಎಳೆದಾಗ ಒಂದು ಬದಿಯ ದಾರಗಳು ಹೊರಗೆ ಕಾಣದಂತೆ ತುಂಡಾಗುತ್ತವೆ. ಹೊಸ ಬೆಲ್ಟ್ ಸ್ವಲ್ಪ ದಿನಕ್ಕೇ ಮಗುಚಿಕೊಂಡಾಗ ಬೈಸಿಕೊಳ್ಳುವವನು ಅಂಗಡಿಯವನು.

ಸರಿಯಾದ ದಾರಿ ಹೆಚ್ಚು ಉದ್ದವೇನಲ್ಲ. ಎಂಜಿನ್ ತಣ್ಣಗಿರಲಿ, ಕೀ ಜೇಬಿನಲ್ಲಿರಲಿ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು; ಡೈನಮೊದ ಹಿಂದಿನ ದಪ್ಪ ತಂತಿಯಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿ ಬಾಡಿಗೆ ಮುಟ್ಟಿದರೆ ಕಿಡಿ ಹಾರುತ್ತದೆ. ಡೈನಮೊ ಕೂತಿರುವ ಬೋಲ್ಟನ್ನೂ ಉದ್ದ ಸೀಳಿನ ಪಟ್ಟಿಯ ಬೋಲ್ಟನ್ನೂ ಸಡಿಲಿಸಿ, ಡೈನಮೊವನ್ನು ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟ್ ತಾನಾಗಿ ಕೈಗೆ ಬರುತ್ತದೆ. ಏಸಿ ಇರುವ ಗಾಡಿಯಲ್ಲಿ ಅದರ ಬೆಲ್ಟ್ ಅಡ್ಡ ಬಂದರೆ ಅದನ್ನು ಮೊದಲು ಇಳಿಸಬೇಕು. ಗಾಡಿಯ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ.

“ಟೈಟ್ ಇದ್ದಷ್ಟೂ ಒಳ್ಳೆಯದು.”

ಬಿಗಿ ಹೆಚ್ಚಾದರೆ ಸದ್ದು ಬರುವುದಿಲ್ಲ ಎಂಬ ಕಾರಣಕ್ಕೇ ಇದು ಮೋಸದ ಸಲಹೆ. ಪಂಪ್ ಮತ್ತು ಡೈನಮೊ ಬೇರಿಂಗುಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ. ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಿನಿಂದ ಸುಮಾರು 10 ಕೆ.ಜಿ. ಬಲದಲ್ಲಿ ಒತ್ತಿದರೆ ಸ್ಥೂಲವಾಗಿ 6ರಿಂದ 10 ಮಿ.ಮೀ. ತಗ್ಗಬೇಕು, ಕೈಪಿಡಿ ಇದ್ದರೆ ಅದರ ಅಳತೆಯೇ ಅಂತಿಮ. ಅತ್ತ ತೀರಾ ಸಡಿಲವಾದರೆ ಹೆಡ್‌ಲೈಟ್ ಮಂಕಾಗುತ್ತದೆ, ಬ್ಯಾಟರಿ ತುಂಬುವುದಿಲ್ಲ. ಪಾನಾ ಹಿಡಿದು ಮುಗಿಸಬೇಕಾದ ಕೆಲಸಕ್ಕೆ ಹೊಸ ಬ್ಯಾಟರಿ ಕೊಂಡವರು ಸಾಕಷ್ಟಿದ್ದಾರೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14 ವೋಲ್ಟಿನ ಆಸುಪಾಸು ಬರುತ್ತಿದೆಯೇ ಎಂದು ಮೊದಲು ಅಳೆಯಿರಿ.

“ಉದ್ದ ಸರಿಯಿದ್ದರೆ ಗಿರಣಿ ಬೆಲ್ಟೂ ಆಗುತ್ತೆ.”

ಉದ್ದದಷ್ಟೇ ಅಗಲವೂ ಮುಖ್ಯ. ಅಗಲ ಹೆಚ್ಚಾದರೆ ಬೆಲ್ಟ್ ಪುಲ್ಲಿಯ ಮೇಲೆ ತೇಲುತ್ತದೆ, ಕಡಿಮೆಯಾದರೆ ತಳಕ್ಕೆ ಕೂರುತ್ತದೆ. ಗಿರಣಿ, ಪಂಪ್‌ಸೆಟ್ಟಿನ ಬಟ್ಟೆ ಸುತ್ತಿದ ಬೆಲ್ಟುಗಳು ಸಣ್ಣ ಪುಲ್ಲಿಯ ಸುತ್ತ ಬಾಗಲಾರದೆ ಬಿಸಿಯಾಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ “ಓಮ್ನಿದು ಕೊಡಿ” ಎನ್ನುವುದಕ್ಕಿಂತ ಹಳೇ ಬೆಲ್ಟನ್ನೇ ಒಯ್ದು, ಬೆನ್ನ ಮೇಲಿನ ನಂಬರ್ ತೋರಿಸುವುದು ಕ್ಷೇಮ. ಏಸಿ ಇರುವುದು, ಇಲ್ಲದ್ದು, ಹಳೇ ಮಾಡೆಲ್, ಹೊಸತು ಎಂದೆಲ್ಲ ವ್ಯತ್ಯಾಸ ಇರಬಹುದು.

“ಬಿರುಕಿಲ್ಲ, ಹಾಗಾದರೆ ಇನ್ನೂ ಓಡುತ್ತೆ.”

ಹಿಂದಿನ ನಿಯೋಪ್ರೀನ್ ಬೆಲ್ಟುಗಳಿಗೆ ಈ ಮಾತು ಒಪ್ಪುತ್ತಿತ್ತು. ಈಗ ಬರುವ ಇಪಿಡಿಎಂ ರಬ್ಬರಿನವು ಬಿರುಕು ಬಿಡದೆಯೇ ಸವೆದು ಹೋಗಬಲ್ಲವು. ಪಕ್ಕೆ ಗಾಜಿನಂತೆ ನುಣುಪಾಗಿದೆಯೇ, ಅಂಚಿನಲ್ಲಿ ದಾರ ಎದ್ದಿದೆಯೇ, ಬೆಲ್ಟ್ ಪುಲ್ಲಿಯಲ್ಲಿ ಆಳಕ್ಕೆ ಇಳಿದಿದೆಯೇ ಎಂದು ನೋಡಬೇಕು. ಆಯಿಲ್ ಸೋರಿ ನೆನೆದ ಬೆಲ್ಟನ್ನು ಒರೆಸಿ ಉಳಿಸುವ ಉಳಿತಾಯ ಬೇಡ. ಸೋರಿಕೆ ನಿಲ್ಲಿಸಿ, ಪುಲ್ಲಿಗಳನ್ನು ಒರೆಸಿ, ಆಮೇಲೆ ಹೊಸದು.

“ಒಮ್ಮೆ ಹಾಕಿದರೆ ಮತ್ತೆ ನೋಡಬೇಕಿಲ್ಲ.”

ಹೊಸ ವಿ-ಬೆಲ್ಟ್ ಮೊದಲ ಓಟದಲ್ಲಿ ಪುಲ್ಲಿಯ ತೋಡಿನೊಳಗೆ ಕೂತು ಸ್ವಲ್ಪ ಸಡಿಲವಾಗುವುದು ಸಹಜ. ಮೊದಲ ದಿನ ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೊಮ್ಮೆ, ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಎಂಜಿನ್ ನಿಲ್ಲಿಸಿ, ಆರಿದ ಬಳಿಕ ಒತ್ತಿ ನೋಡಿ ಬಿಗಿ ಸರಿಪಡಿಸಬೇಕು. ಕಿತ್ತ ಹಳೇ ಬೆಲ್ಟನ್ನು ಸ್ಪೇರ್ ಎಂದು ಸೀಟಿನ ಹಿಂದೆ ಸುರುಳಿ ಸುತ್ತಿಡುವವರಿದ್ದಾರೆ. ಸ್ಪೇರ್ ಬೇಕಿದ್ದರೆ ಅದೇ ನಂಬರಿನ ಹೊಸದೊಂದನ್ನು ಕವರಿನಲ್ಲೇ ಇಟ್ಟುಕೊಳ್ಳಿ, ಜೊತೆಗೆ ಆ ಬೋಲ್ಟುಗಳಿಗೆ ಹೊಂದುವ ಸ್ಪ್ಯಾನರನ್ನೂ.