ಗೂಢಲೇಖನದಲ್ಲಿ ಯಾದೃಚ್ಛಿಕ ಸಂಖ್ಯೆಗಳು: ಒಂದು ಪಾಠಲೋಪದ ವಿಚಾರ

ಬರೆದ ವಿಷಯವನ್ನು ಅನಧಿಕಾರಿಗಳಿಗೆ ತಿಳಿಯದಂತೆ ಮರೆಮಾಡುವ ವಿದ್ಯೆಯೇ ಗೂಢಲೇಖನವು. ಈ ಕಾಲದಲ್ಲಿ ಅದರ ವಿಧಾನಗಳು ಬಹಿರಂಗವಾಗಿಯೇ ಇರುವುವು. ಗುಟ್ಟಾಗಿರತಕ್ಕದ್ದು ಕೀಲಿಯೆನಿಸುವ ಒಂದು ದೊಡ್ಡ ಸಂಖ್ಯೆ ಮಾತ್ರ. ಆ ಸಂಖ್ಯೆಯು ಯಾದೃಚ್ಛಿಕವಾಗಿರಬೇಕು, ಎಂದರೆ ಪರರ ಊಹೆಗೆ ನಿಲುಕದಂತಿರಬೇಕು. ಗಣಕಯಂತ್ರವಾದರೋ ವಿಧಿಸಿದುದನ್ನು ವಿಧಿಸಿದಂತೆಯೇ ನಡೆಸತಕ್ಕದ್ದು. ಯದೃಚ್ಛೆಯೆಂಬುದು ಅದರ ಸ್ವಭಾವದಲ್ಲಿಯೇ ಇಲ್ಲ. ಹೀಗಿರಲು ಅಂತಹ ಸಂಖ್ಯೆಯು ಅದರಿಂದ ಹುಟ್ಟುವುದೆಂತು?

ಕೀಲಿಮಣೆಯ ಒತ್ತುಗಳ ನಡುವಣ ಅತ್ಯಲ್ಪ ಕಾಲಭೇದವೇ ಮೊದಲಾದ ಅನಿಶ್ಚಿತ ಸಂಗತಿಗಳನ್ನು ಯಂತ್ರವು ಹೊರಗಿನಿಂದ ಸಂಗ್ರಹಿಸಿ, ಕಲಸಿ, ಒಂದು ಬೀಜವನ್ನು ಮಾಡಿಕೊಳ್ಳುವುದು. ಆ ಬೀಜದಿಂದ ಗಣಿತಕ್ರಮವನ್ನನುಸರಿಸಿ ಬೇಕಾದಷ್ಟು ಅಂಕಿಗಳನ್ನು ವಿಸ್ತರಿಸಬಹುದು. ಈ ವಿಸ್ತಾರದಲ್ಲಿ ಹೊಸ ಗುಟ್ಟೇನೂ ಸೇರುವುದಿಲ್ಲ. ಬೀಜದಲ್ಲಿದ್ದಷ್ಟೇ ಫಲದಲ್ಲಿಯೂ ಇರುವುದು. ಅಂಕಿಗಳು ನೋಟಕ್ಕೆ ಕ್ರಮರಹಿತವಾಗಿದ್ದರೆ ಸಾಲದೇ ಎಂದು ಶಂಕಿಸುವವರಿಗೆ ಮುಂದಿನ ವೃತ್ತಾಂತವೇ ಉತ್ತರವು.

ಓಪನ್‌ಎಸ್‌ಎಸ್‌ಎಲ್ ಎಂಬುದು ಈ ವಿದ್ಯೆಗೆ ಬೇಕಾದ ಕ್ರಮವಿಧಿಗಳ ಒಂದು ಪ್ರಸಿದ್ಧ ಭಂಡಾರ. ಅದರಲ್ಲಿ, ಪಾತ್ರೆಯಲ್ಲಿರುವುದನ್ನು ಮಿಶ್ರಣಕ್ಕೆ ಸೇರಿಸಬೇಕೆಂಬ ಅರ್ಥದ ಒಂದೇ ವಾಕ್ಯವು ಎರಡು ಕಡೆಗಳಲ್ಲಿ ಅಕ್ಷರಭೇದವಿಲ್ಲದೆ ಬಂದಿದ್ದಿತು. ಒಂದೆಡೆ ಅದು ಬೀಜಕ್ಕಾಗಿ ತಂದ ಸಾಮಗ್ರಿಯನ್ನು ಕಲಸುವ ಪ್ರಧಾನವಿಧಿ. ಇನ್ನೊಂದೆಡೆ, ಅಂಕಿಗಳನ್ನು ತುಂಬಬೇಕಾದ ಪಾತ್ರೆಯಲ್ಲಿ ಹಿಂದಿನದೇನಾದರೂ ಉಳಿದಿದ್ದರೆ ಅದನ್ನೂ ಸೇರಿಸುವ, ಬಿಟ್ಟರೂ ಬಾಧಕವಿಲ್ಲದ ಅಂಗವಿಧಿ. ಮೌಲ್ಯವನ್ನೇ ತುಂಬದ ಪಾತ್ರೆಯು ಬಳಕೆಯಾಗುತ್ತಿದೆಯೆಂದು ವ್ಯಾಲ್‌ಗ್ರಿಂಡ್ ಎಂಬ ದೋಷಶೋಧಕ ಸಾಧನವು ಎಚ್ಚರಿಸಲು, 2006ರಲ್ಲಿ ಡೆಬಿಯನ್ ಎಂಬ ಗಣಕವ್ಯವಸ್ಥೆಗಾಗಿ ಈ ಭಂಡಾರವನ್ನು ಪರಿಷ್ಕರಿಸುವಾಗ ಆ ವಾಕ್ಯವನ್ನು ಎರಡೆಡೆಗಳಲ್ಲಿಯೂ ತೆಗೆದುಬಿಡಲಾಯಿತು. ಪುನರುಕ್ತಿಯೆಂದು ಭ್ರಮಿಸಿದ ಲಿಪಿಕಾರನು ಮೂಲಪಾಠವನ್ನೇ ಅಳಿಸುವುದು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಹೊಸದಲ್ಲ. ಅಲ್ಲಿ ಅನ್ವಯವು ಕೆಟ್ಟು ಲೋಪವು ಅನೇಕವೇಳೆ ತಾನಾಗಿಯೇ ಹೊರಬೀಳುವುದು. ಇಲ್ಲಿ ಹಾಗಾಗಲಿಲ್ಲ. ಕ್ರಮವಿಧಿಯು ಮೊದಲಿನಂತೆಯೇ ನಡೆಯಿತು. ಅಂಕಿಗಳೂ ಮೊದಲಿನಂತೆಯೇ ಕ್ರಮರಹಿತವಾಗಿ ತೋರಿದುವು.

ಆದರೆ ಬೀಜದಲ್ಲಿ ಮಾರ್ಪಡುವ ಅಂಶವಾಗಿ ಉಳಿದುದು, ನಡೆಯುತ್ತಿರುವ ಪ್ರತಿಯೊಂದು ಕಾರ್ಯಕ್ಕೂ ಯಂತ್ರವು ಕೊಡುವ ಗುರುತಿನ ಸಂಖ್ಯೆಯೊಂದೇ. ಅದರ ಪರಮಾವಧಿಯು ಸಾಮಾನ್ಯವಾಗಿ 32,768. ಬಹು ದೊಡ್ಡ ಸಂಖ್ಯೆಯಿಂದ ಎಣಿಸಬೇಕಾದ ಸಾಧ್ಯತೆಗಳು ಐದು ಅಂಕಿಗಳಿಗೆ ಇಳಿದುವು! ಕೀಲಿಯು ಎಷ್ಟೇ ಉದ್ದವಾಗಿದ್ದರೂ, ಅದರ ಒಂದೊಂದು ಜಾತಿಗೂ ಅಳತೆಗೂ ಹುಟ್ಟಬಹುದಾದುವನ್ನೆಲ್ಲ ಮೊದಲೇ ಲೆಕ್ಕಹಾಕಿ ಪಟ್ಟಿಮಾಡಿಟ್ಟುಕೊಳ್ಳುವುದು ಸುಲಭಸಾಧ್ಯವಾಯಿತು.

ಲೂಚಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದ ಈ ದೋಷವು 2008ನೆಯ ಮೇ 13ರಂದು ಪ್ರಕಟವಾಗುವವರೆಗೆ ಸುಮಾರು ಇಪ್ಪತ್ತು ತಿಂಗಳು ಕಳೆದಿದ್ದುವು. ಪಾಠವನ್ನು ತಿದ್ದಿದಮಾತ್ರಕ್ಕೆ ಆವರೆಗೆ ಹುಟ್ಟಿದ ಕೀಲಿಗಳು ಶುದ್ಧವಾಗಲಿಲ್ಲ. ಅವುಗಳನ್ನು ತೊರೆದು ಹೊಸವನ್ನು ಮಾಡಿಕೊಳ್ಳಬೇಕಾಯಿತು. ಡಿಎಸ್‌ಎ ಎಂಬ ಹಸ್ತಾಕ್ಷರಕ್ರಮದಲ್ಲಿ ಇನ್ನೊಂದು ತೊಡಕಿದ್ದಿತು. ಅಲ್ಲಿ ಒಂದೊಂದು ಹಸ್ತಾಕ್ಷರಕ್ಕೂ ಹೊಸದೊಂದು ಗುಪ್ತಸಂಖ್ಯೆ ಬೇಕು. ಆ ಸಂಖ್ಯೆಯು ತಿಳಿದರೆ ಹಸ್ತಾಕ್ಷರದಿಂದ ಕೀಲಿಯನ್ನೇ ಗಣಿಸಿ ತೆಗೆಯಬಹುದು. ಆದುದರಿಂದ ಬೇರೆಡೆಯಲ್ಲಿ ನಿರ್ದುಷ್ಟವಾಗಿ ಹುಟ್ಟಿದ ಕೀಲಿಯು ಕೂಡ, ಈ ಯಂತ್ರಗಳಲ್ಲಿ ಒಮ್ಮೆ ಹಸ್ತಾಕ್ಷರಕ್ಕೆ ಬಳಕೆಯಾಗಿದ್ದರೆ, ತ್ಯಾಜ್ಯವೇ ಆಯಿತು.