ಹೊಸ ಕಾರು ಖರೀದಿ: ಜಾಹೀರಾತಿನ ಬೆಲೆ ಮತ್ತು ಪಾವತಿಸುವ ಬೆಲೆ – ಗ್ರಾಹಕರ ತಿಳಿವಳಿಕೆಗಾಗಿ

ಹುಬ್ಬಳ್ಳಿ–ಧಾರವಾಡ ಅವಳಿ ನಗರಗಳನ್ನು ಜೋಡಿಸುವ ರಸ್ತೆಯಲ್ಲಿ ಬೈರಿದೇವರಕೊಪ್ಪ ಹಾಗೂ ಅದರ ಆಸುಪಾಸಿನ ಬಡಾವಣೆಗಳ ಉದ್ದಕ್ಕೂ ವಾಹನ ಮಾರಾಟ ಮಳಿಗೆಗಳಿವೆ. ಯುಗಾದಿ, ದಸರಾ, ದೀಪಾವಳಿ ಸಂದರ್ಭಗಳಲ್ಲಿ ಹಾಗೂ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಫಸಲಿನ ಹಣ ರೈತರ ಕೈಸೇರುವ ದಿನಗಳಲ್ಲಿ ಹೊಸ ಕಾರಿನ ಖರೀದಿ ಹೆಚ್ಚುವುದು ಸಹಜ. ಕುಟುಂಬದ ಹಲವು ವರ್ಷಗಳ ಉಳಿತಾಯ ಇದರಲ್ಲಿ ತೊಡಗುವುದರಿಂದ, ಮುಂಗಡ ನೀಡುವ ಮುನ್ನ ಗ್ರಾಹಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

1. ಜಾಹೀರಾತನ್ನು ಓದುವ ಬಗೆ

‘ಆರಂಭಿಕ ಬೆಲೆ’ ಎಂಬುದು ಆ ಮಾದರಿಯ ಅತ್ಯಂತ ಕೆಳದರ್ಜೆಯ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ. ಚಿತ್ರದಲ್ಲಿ ಕಾಣುವ ಕಾರು ಅದೇ ಆಗಿರಬೇಕೆಂದಿಲ್ಲ. ‘ಗರಿಷ್ಠ ರಿಯಾಯಿತಿ’ ಎಂಬ ಮೊತ್ತದಲ್ಲಿ ಹಳೆಯ ವಾಹನ ವಿನಿಮಯ, ಸಂಸ್ಥೆಯ ನೌಕರರಿಗೆ ನೀಡುವ ರಿಯಾಯಿತಿ ಮೊದಲಾದವು ಒಟ್ಟುಗೂಡಿರುತ್ತವೆ. ಎಲ್ಲದಕ್ಕೂ ಅರ್ಹರಾಗುವವರು ವಿರಳ.

2022ರ ಜೂನ್ 9ರಂದು ಜಾರಿಗೆ ಬಂದ ಕೇಂದ್ರ ಮಾರ್ಗಸೂಚಿಗಳ ಪ್ರಕಾರ, ಷರತ್ತುಗಳನ್ನು ಜಾಹೀರಾತಿನ ಮುಖ್ಯ ಹೇಳಿಕೆಯ ಭಾಷೆಯಲ್ಲಿಯೇ, ಅದೇ ಅಕ್ಷರ ವಿನ್ಯಾಸದಲ್ಲಿ ಮುದ್ರಿಸತಕ್ಕದ್ದು. ಬೆಲೆಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಸಾರಿ, ಷರತ್ತನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಅಡಗಿಸುವಂತಿಲ್ಲ. ಸಾರಿದ ಬೆಲೆಗೆ ಮಾರುವ ಸಾಧ್ಯತೆಯೇ ಇಲ್ಲದೆ ಗ್ರಾಹಕರನ್ನು ಸೆಳೆಯುವ ಜಾಹೀರಾತಿಗೂ ಅವಕಾಶವಿಲ್ಲ.

2. ಬೆಲೆಯ ಘಟಕಗಳು

ಎಕ್ಸ್-ಶೋರೂಂ ಬೆಲೆಯಲ್ಲಿ ಸರಕು ಮತ್ತು ಸೇವಾ ತೆರಿಗೆ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಈ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಇಳಿಕೆಯ ಲಾಭ ಬೇರೆ, ಮಾರಾಟಗಾರರು ನೀಡುವ ರಿಯಾಯಿತಿ ಬೇರೆ.

ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ ಮತ್ತು ವಿಮೆ ಸೇರುತ್ತವೆ. ಉದಾಹರಣೆಗೆ, ತೆರಿಗೆಗೆ ಪರಿಗಣಿಸುವ ಬೆಲೆ ರೂ. 8,00,000 ಇದ್ದಲ್ಲಿ, ಶೇ 14ರಂತೆ ತೆರಿಗೆ ರೂ. 1,12,000, ಆ ತೆರಿಗೆಯ ಮೇಲೆ ಶೇ 11ರ ಉಪಕರ ರೂ. 12,320, ಒಟ್ಟು ರೂ. 1,24,320. ಇತರ ಸಣ್ಣ ಉಪಕರಗಳು ಪ್ರತ್ಯೇಕ. ಕಾರಿನ ನೋಂದಣಿ ಶುಲ್ಕ ರೂ. 600, ಸಾಲದ ಆಧಾರ ನಮೂದಿಸಲು ರೂ. 1,500. ‘ನಿರ್ವಹಣಾ ಶುಲ್ಕ’ ಅಥವಾ ‘ಹ್ಯಾಂಡ್ಲಿಂಗ್ ಚಾರ್ಜ್’ ಸರ್ಕಾರಕ್ಕೆ ಸಲ್ಲುವ ಶುಲ್ಕವಲ್ಲ. ಹೊಸ ಕಾರಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಆದರೆ ವಿಮಾ ಕಂಪನಿಯ ಆಯ್ಕೆ ಗ್ರಾಹಕರದು.

3. ಸಾಲದ ಬಡ್ಡಿ

‘ಶೇ 7 ಬಡ್ಡಿ’ ಎಂದಿದ್ದರೆ ಅದು ಅಸಲಿನ ಪೂರ್ಣ ಮೊತ್ತದ ಮೇಲೋ, ಇಳಿಯುವ ಬಾಕಿಯ ಮೇಲೋ ಎಂದು ವಿಚಾರಿಸತಕ್ಕದ್ದು. ರೂ. 5,00,000 ಸಾಲಕ್ಕೆ ಐದು ವರ್ಷ ಪೂರ್ಣ ಅಸಲಿನ ಮೇಲೆ ಶೇ 7 ಬಡ್ಡಿ ಹಾಕಿದರೆ ಬಡ್ಡಿ ರೂ. 1,75,000, ಮಾಸಿಕ ಕಂತು ರೂ. 11,250. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ 12.5 ಬಡ್ಡಿಗೆ ಸಮ.

4. ತಯಾರಿಕೆಯ ತಿಂಗಳು ಮತ್ತು ವರ್ಷ

ವರ್ಷಾಂತ್ಯದ ರಿಯಾಯಿತಿಯಲ್ಲಿ ಹಳೆಯ ದಾಸ್ತಾನು ಇರಬಹುದು. ಗೋವಾದ ಒಬ್ಬ ಗ್ರಾಹಕರು 2011ರ ಕಾರಿಗೆ ಹಣ ಪಾವತಿಸಿದ್ದರೂ, ಅವರಿಗೆ ದೊರೆತದ್ದು 2009ರಲ್ಲಿ ತಯಾರಾಗಿ, ಅದಾಗಲೇ 622 ಕಿ.ಮೀ. ಓಡಿದ್ದ ಕಾರು. ಈ ಪ್ರಕರಣದಲ್ಲಿ ತಯಾರಕ ಸಂಸ್ಥೆಗೆ ವಿಷಯ ತಿಳಿದಿತ್ತೆಂಬುದಕ್ಕೆ ಆಧಾರವಿಲ್ಲದ ಕಾರಣ, ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ಆ ಸಂಸ್ಥೆಯನ್ನು ಹೊಣೆಯಿಂದ ಮುಕ್ತಗೊಳಿಸಿತು. ಹೊಣೆ ಡೀಲರ್ ಮೇಲೆ ಉಳಿಯಿತು. ದೊಡ್ಡ ಕಂಪನಿಯ ಹೆಸರನ್ನಷ್ಟೇ ನಂಬಿ ಡೀಲರ್ ಕಡೆಯಿಂದ ಲಿಖಿತ ದಾಖಲೆ ಪಡೆಯದಿರುವುದು ಅಪಾಯಕರ ಎಂಬುದು ಇದರಿಂದ ವೇದ್ಯವಾಗುತ್ತದೆ. ನಮೂನೆ 21ರ ಮಾರಾಟ ಪ್ರಮಾಣಪತ್ರದಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ನಮೂದಾಗಿರುತ್ತದೆ. ಚಾಸಿಸ್ ಸಂಖ್ಯೆ ಹಾಗೂ ಓಡಿದ ಕಿಲೋಮೀಟರ್‌ಗಳನ್ನು ಹಣ ಸಂದಾಯಕ್ಕೆ ಮುನ್ನವೇ ಪರಿಶೀಲಿಸತಕ್ಕದ್ದು.

5. ಪಡೆದು ಇಟ್ಟುಕೊಳ್ಳಬೇಕಾದ ದಾಖಲೆಗಳು

(ಅ) ಜಾಹೀರಾತಿನ ಪ್ರತಿ.
(ಆ) ಆವೃತ್ತಿ, ಬಣ್ಣ, ಪ್ರತಿ ಘಟಕದ ಮೊತ್ತ, ರಿಯಾಯಿತಿ ಹಾಗೂ ವಿತರಣಾ ದಿನಾಂಕ ನಮೂದಿಸಿದ, ಮೊಹರು ಮತ್ತು ಸಹಿಯುಳ್ಳ ದರಪಟ್ಟಿ.
(ಇ) ಮುಂಗಡದ ರಸೀದಿ ಮತ್ತು ಬುಕಿಂಗ್ ರದ್ದತಿಯ ಷರತ್ತುಗಳು.
(ಈ) ತೆರಿಗೆ ಬಿಲ್ಲು, ಜೀವಾವಧಿ ತೆರಿಗೆ ಪಾವತಿಯ ರಸೀದಿ ಹಾಗೂ ವಿಮಾ ಪತ್ರ.

ಬಾಯಿಮಾತಿನ ಭರವಸೆಯನ್ನು ರುಜುವಾತುಪಡಿಸುವುದು ಕಷ್ಟಸಾಧ್ಯ. ತಾತ್ಕಾಲಿಕ ಅಥವಾ ಖಾಯಂ ನೋಂದಣಿಯಿಲ್ಲದೆ ವಾಹನವನ್ನು ಹಸ್ತಾಂತರಿಸಲು ನಿಯಮದಲ್ಲಿ ಅವಕಾಶವಿಲ್ಲ.

6. ದೂರು ಸಲ್ಲಿಕೆ

ಮೊದಲು ಮಾರಾಟಗಾರರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ, ಪಾವತಿಸಿದ ಬೆಲೆ ರೂ. 50 ಲಕ್ಷ ಮೀರದಿದ್ದಲ್ಲಿ ಧಾರವಾಡದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಕಾರನ್ನು ಬೇರೆ ಊರಿನಲ್ಲಿ ಕೊಂಡಿದ್ದರೂ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಿದೆ. ಬೆಲೆ ರೂ. 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ ರೂ. 200; 20 ಲಕ್ಷದವರೆಗೆ ರೂ. 400, 50 ಲಕ್ಷದವರೆಗೆ ರೂ. 1,000. ವಕೀಲರ ನೇಮಕ ಕಡ್ಡಾಯವಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗತಕ್ಕದ್ದು.

ದಾರಿ ತಪ್ಪಿಸುವ ಜಾಹೀರಾತು ನೀಡಿದವರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದಲ್ಲಿ ರೂ. 50 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ಆದರೆ ದಂಡದಿಂದ ಗ್ರಾಹಕರ ಹಣ ತಾನಾಗಿ ಮರಳುವುದಿಲ್ಲ. ಹಣ ಮರಳಿ ಪಡೆಯಲು ಆಯೋಗಕ್ಕೆ ಪ್ರತ್ಯೇಕ ದೂರು ಸಲ್ಲಿಸಬೇಕಾಗುತ್ತದೆ. ಅಲ್ಲಿ ಗ್ರಾಹಕರ ಬಳಿಯಿರುವ ಸಹಿಯುಳ್ಳ ದರಪಟ್ಟಿಯೇ ಮುಖ್ಯ ಆಧಾರ.