ಬ್ರಹ್ಮಕಮಲ: ಹೆಸರೊಂದು, ಹೂವೆರಡು

ಮಳೆಗಾಲದ ಯಾವುದೋ ರಾತ್ರಿ ನಮ್ಮ ಅಂಗಳದಲ್ಲಿ ಅರಳಿ, ಬೆಳಗಾಗುವುದರೊಳಗೆ ಬಾಡುವ ಬಿಳಿ ಹೂವಿಗೆ ನಾವೆಲ್ಲ ಬ್ರಹ್ಮಕಮಲವೆನ್ನುತ್ತೇವೆ. ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಬೇರೆಯೇ. ಸೂರ್ಯಕಾಂತಿಯ ಕುಟುಂಬದ್ದು, ಹಗಲಲ್ಲಿಯೂ ನೋಡಸಿಗುವಂಥದು.

ಉತ್ತರಾಖಂಡದ ಘಾಂಗ್ರಿಯಾದಿಂದ ಹೇಮಕುಂಡಕ್ಕೆ ಹತ್ತುವ ದಾರಿಯಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ, ಬಂಡೆಗಳ ನಡುವೆ ಇದು ಮಳೆಗಾಲದಲ್ಲಿ ಅರಳುತ್ತದೆ. ದೂರದಿಂದ ತೆಗೆದ ಚಿತ್ರದಲ್ಲಿ ಎಲೆಕೋಸಿನಂತೆ ಕಾಣುವುದೂ ಉಂಟು! ದಳಗಳೆಂದು ತೋರುವ ತಿಳಿಹಳದಿ ಹಾಳೆಗಳು ದಳಗಳಲ್ಲ, ಹೂವನ್ನು ಚಳಿಯಿಂದ ಕಾಯುವ ಎಲೆಗಳು. ನಿಜವಾದ ಹೂಗಳು ಒಳಗಿನ ಕಡುನೇರಳೆ ಗೊಂಚಲು. ಆದ್ದರಿಂದ ಮೇಲಿನಿಂದ ಒಳಭಾಗದ್ದೊಂದು, ಪಕ್ಕದಿಂದ ಕಾಂಡ-ಎಲೆಗಳದ್ದೊಂದು, ಸುತ್ತಲ ನೆಲ ಸೇರಿದ್ದೊಂದು, ಹೀಗೆ ಮೂರು ಚಿತ್ರವಾದರೂ ಬೇಕು. ಮೋಡದ ಬೆಳಕೇ ಮೇಲು. ಬಿಸಿಲಲ್ಲಿ ಹಾಳೆಗಳು ಬೆಳ್ಳಗಾಗಿ ಒಳಗಿನ ಬಣ್ಣ ಕಪ್ಪಿಗೆ ತಿರುಗುತ್ತದೆ. ಹೂ ಕೀಳುವುದು ಮಾತ್ರ ಬೇಡ. ಪೂಜೆಗೂ ಔಷಧಿಗೂ ಬೀಜ ಕಟ್ಟುವ ಮುಂಚೆಯೇ ಕಿತ್ತು ಕಿತ್ತು ಗಿಡ ವಿರಳವಾಗುತ್ತಿದೆ.

ಪಕ್ಕದ ಹೂಕಣಿವೆಯನ್ನು 1931ರಲ್ಲಿ ಕಾಮೆಟ್ ಶಿಖರ ಹತ್ತಿ ಮರಳುತ್ತಿದ್ದ ಫ್ರಾಂಕ್ ಸ್ಮೈತ್ ತಂಡ ಕಂಡಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಕುರಿ-ಮೇಕೆ ಮೇಯಿಸುವುದು ನಿಂತಿತು. ಬಳಿಕ ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಸಣ್ಣ ಹೂಗಳನ್ನು ಮುಚ್ಚತೊಡಗಿತು. ಮೇಯುವುದು ನಿಂತದ್ದೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಿದೆ. ಕಳೆ ತೆಗೆಸುವ ಪಾಡು ನಮ್ಮ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಚಾರಣಕ್ಕೆ ಹೋಗಿಬಂದ ಸದಸ್ಯರು ಚಿತ್ರಗಳನ್ನು ಸಂಘದ ಕಚೇರಿಗೆ ತಂದರೆ ಒಟ್ಟಿಗೆ ಕುಳಿತು ಗುರುತಿಸೋಣ. ಜೊತೆಗೆ ಸ್ಥಳ, ತಾರೀಖು, ಎತ್ತರ ಬರೆದಿರಲಿ.